ಜಾಕ್ಸನ್ ಸರೋವರದ ಮೇಲಿನ 39 ಅಡಿ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ಟೀಟಾನ್ ಪರ್ವತಗಳ ಬುಡದಲ್ಲಿ ಜಾಕ್ಸನ್ ಸರೋವರವಿದೆ. ಹಿಮಯುಗದ ಹಿಮನದಿಗಳು ನೆಲವನ್ನು ಕೊರೆದು, ಕಲ್ಲುಮಣ್ಣಿನ ದಿಬ್ಬ ಬಿಟ್ಟು ಹಿಂದೆ ಸರಿದಾಗ ಹುಟ್ಟಿದ ಸರೋವರ ಅದು. ಉದ್ದ ಸುಮಾರು 24 ಕಿ.ಮೀ., ಅತಿ ಆಳದ ಕಡೆ 130 ಮೀಟರಿಗೂ ಹೆಚ್ಚು. ಯೆಲ್ಲೋಸ್ಟೋನ್ ಕಡೆಯಿಂದ ಇಳಿದು ಬರುವ ಸ್ನೇಕ್ ನದಿ ಉತ್ತರದಲ್ಲಿ ಅದರೊಳಗೆ ಸೇರಿ, ಪೂರ್ವದ ಅಂಚಿನಲ್ಲಿ ಹೊರಬೀಳುತ್ತದೆ. ಗ್ರ್ಯಾಂಡ್ ಟೀಟಾನ್ ರಾಷ್ಟ್ರೀಯ ಉದ್ಯಾನಕ್ಕೆ ಬಂದವರಿಗೆ ಹಿಮಶಿಖರಗಳ ನೆರಳು ಬಿದ್ದ ಆ ನೀರು ಮನುಷ್ಯರ ಕೈ ಸೋಂಕದ ಹಾಗೆ ಕಾಣುತ್ತದೆ. ಆದರೆ ಅದರ ಮೇಲಿನ 39 ಅಡಿ, ಪಕ್ಕದ ಐಡಹೊ ರಾಜ್ಯದ ಹೊಲಗಳಿಗೆಂದು ಅಣೆಕಟ್ಟು ಕಟ್ಟಿ ಕೂಡಿಟ್ಟ ನೀರು.

ದಕ್ಷಿಣ ಐಡಹೊದ ಬಯಲಲ್ಲಿ ಮಣ್ಣು ಒಳ್ಳೆಯದು, ಮಳೆ ಇಲ್ಲ. ಬೆಟ್ಟದ ಹಿಮ ಕರಗಿ ಹೊಳೆ ಉಕ್ಕುವುದು ಮೇ, ಜೂನ್‌ನಲ್ಲಿ. ಆಲೂಗಡ್ಡೆಗೂ ಸಕ್ಕರೆ ಬೀಟಿಗೂ ನೀರು ಬೇಕಾಗುವುದು ಸುಡುಬಿಸಿಲಿನ ಜುಲೈ, ಆಗಸ್ಟ್‌ನಲ್ಲಿ. ನಡುವಿನ ಆ ಕೆಲವು ವಾರ ನೀರನ್ನು ಎಲ್ಲಾದರೂ ತಡೆದಿಡಬೇಕು. ಒಣನೆಲಕ್ಕೆ ನೀರುಣಿಸಲೆಂದು 1902ರಲ್ಲಿ ಅಮೆರಿಕ ಕಾಯ್ದೆ ಮಾಡಿತು, 1904ರಲ್ಲಿ ಐಡಹೊದ ಮಿನಿಡೋಕ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಎಂಜಿನಿಯರುಗಳ ಕಣ್ಣು ಬಹಳ ಮೇಲಿದ್ದ ಈ ಸರೋವರದ ಮೇಲೆ ಬಿತ್ತು. ಚಿಕ್ಕ ಏರಿ ಹಾಕಿದರೆ ಬಹಳ ನೀರು ನಿಲ್ಲುವ ಜಾಗ ಸಿಗುವುದು ಎಷ್ಟು ಅಪರೂಪವೆಂದು ಕೆರೆ ಕಟ್ಟಿಸಿದವರಿಗೆಲ್ಲ ಗೊತ್ತು. ಇಲ್ಲಿ ಹಿಮನದಿ ಪಾತ್ರೆಯನ್ನು ಮಾಡಿಟ್ಟೇ ಹೋಗಿತ್ತು.

1906–07ರಲ್ಲಿ ಮೊದಲ ಕಟ್ಟೆ ಎದ್ದಿತು, ಮರದ ದಿಮ್ಮಿಗಳದ್ದು. ಮೂರೇ ವರ್ಷ: 1910ರಲ್ಲಿ ಅದರ ಒಂದು ಭಾಗ ಕುಸಿಯಿತು. ಕಾಂಕ್ರೀಟಿನ ಹೊಸ ಕಟ್ಟೆಗೆ ಬೇಕಾದ ಸಾಮಾನು ಐಡಹೊದ ಆ್ಯಷ್ಟನ್ ರೈಲು ನಿಲ್ದಾಣದಲ್ಲಿ ಇಳಿದು, ಕುದುರೆ ಬಂಡಿಗಳಲ್ಲಿ ಕಾಡುದಾರಿ ಹಿಡಿದು ಬರಬೇಕಿತ್ತು. 1911ಕ್ಕೆ ಹೊಸದು ನಿಂತಿತು, 1916ರಲ್ಲಿ ಇನ್ನಷ್ಟು ಎತ್ತರವಾಯಿತು. ಈಗ ಅದು ತಡೆದಿಡುವ ನೀರು 8,47,000 ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 37 ಟಿಎಂಸಿ. 49.45 ಟಿಎಂಸಿಯ ಕೆಆರ್‌ಎಸ್‌ನ ಮುಕ್ಕಾಲು ಪಾಲು. ಕಟ್ಟೆಯ ಎತ್ತರ ಮಾತ್ರ ಕೆಆರ್‌ಎಸ್‌ನ ಅರ್ಧ, ಸುಮಾರು 65 ಅಡಿ. ಮೊದಲಿಂದ ಇದ್ದ ಸರೋವರದ ನೀರು ತೂಬಿಗಿಂತ ಕೆಳಗೇ ಉಳಿಯುವುದರಿಂದ ಅದು ಈ ಲೆಕ್ಕಕ್ಕೆ ಸೇರುವುದೇ ಇಲ್ಲ.

ದಂಡೆ ಇದಕ್ಕೆ ಬೆಲೆ ತೆತ್ತಿತು. ನೀರು ಏರುವ ಮುನ್ನ ಅಲ್ಲಿನ ಕಾಡನ್ನು ಕಡಿಯಲಿಲ್ಲ. ನಿಂತಲ್ಲೇ ಸತ್ತ ಮರಗಳು ವರ್ಷಗಟ್ಟಲೆ ಸರೋವರದ ಸುತ್ತ ಬೆಳ್ಳಗೆ ನಿಂತಿದ್ದವು. 1930ರ ದಶಕದಲ್ಲಿ, ಆರ್ಥಿಕ ಕುಸಿತದ ಕಾಲದ ಉದ್ಯೋಗ ಯೋಜನೆಯ ಯುವಕರು ಬಂದು ಅವನ್ನು ಕಡಿದು ಸುಟ್ಟರು. ಈ ಹಾಳು ನೋಟ ಜನರನ್ನು ಎಚ್ಚರಿಸಿತು. ಹತ್ತಿರದ ಜೆನ್ನಿ, ಲೀ ಸರೋವರಗಳಿಗೂ ಕಟ್ಟೆ ಹಾಕುವ ಪ್ರಸ್ತಾಪ ಬಂದಾಗ ಯೆಲ್ಲೋಸ್ಟೋನ್‌ನ ಅಧಿಕಾರಿ ಹೊರೇಸ್ ಆಲ್ಬ್ರೈಟ್ ವಿರೋಧಿಸಿದರು. 1929ರಲ್ಲಿ ಉದ್ಯಾನ ಸ್ಥಾಪನೆಯಾದಾಗ ಆ ಎರಡೂ ಅದರೊಳಗೆ ಸೇರಿ ಉಳಿದುಕೊಂಡವು. ಜಾಕ್ಸನ್ ಸರೋವರ ಹೊರಗೇ ಉಳಿಯಿತು. ಉದ್ಯಾನಕ್ಕೆ ಸೇರಿದ್ದು 1950ರಲ್ಲಿ. ಅಷ್ಟರಲ್ಲಿ ಅದರ ನೀರಿಗೆ ವಾರಸುದಾರರಿದ್ದರು.

ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಇದೇ ಬಗೆಯ ಕೆಲಸ ಇನ್ನೂ ಕಠೋರವಾದ ಪೆಟ್ಟು ಕೊಟ್ಟಿತು. ಕ್ಲಿ ಎಲಮ್, ಕಚೀಸ್, ಕೀಚಲಸ್ ಎಂಬ ಪರ್ವತ ಸರೋವರಗಳ ಬಾಯಿ ಮುಚ್ಚಿದ್ದರಿಂದ, ಸಮುದ್ರದಿಂದ ಅಲ್ಲಿಗೆ ಹತ್ತಿ ಬಂದು ಮೊಟ್ಟೆಯಿಡುತ್ತಿದ್ದ ಸಾಕಿ ಸಾಲ್ಮನ್ ಮೀನಿಗೆ ದಾರಿಯೇ ಇಲ್ಲವಾಯಿತು. ಆ ತಳಿ ಕಣಿವೆಯಿಂದ ಅಳಿದುಹೋಯಿತು. ಹೊಲಕ್ಕೆ ನೀರು ಬೇಕೆಂಬುದು ನಿಜ, ಮೀನಿಗೊಂದು ದಾರಿ ಬಿಡದಿದ್ದುದು ಮಾತ್ರ ತಪ್ಪೇ. ಆ ಮೀನನ್ನೇ ನೆಚ್ಚಿ ಬದುಕಿದ್ದ ಯಾಕಮಾ ಬುಡಕಟ್ಟಿನವರು 2009ರಿಂದ ಕೊಲಂಬಿಯಾ ನದಿಯ ಸಾಕಿಗಳನ್ನು ಹಿಡಿದು ತಂದು ಕ್ಲಿ ಎಲಮ್‌ಗೆ ಬಿಡುತ್ತಿದ್ದಾರೆ. ಅವುಗಳ ಮರಿಗಳು ಸಮುದ್ರಕ್ಕೆ ಹೋಗಿ ಬೆಳೆದು ಮರಳಿ ಬಂದಿವೆ.

ಮತ್ತೆ ಜಾಕ್ಸನ್‌ಗೆ. 1976ರ ಜೂನ್ 5ರಂದು ಐಡಹೊದ ಟೀಟಾನ್ ಅಣೆಕಟ್ಟು ಒಡೆದು 11 ಜನ ಸತ್ತರು. ಆ ಬಳಿಕ ಹಳೆಯ ಕಟ್ಟೆಗಳನ್ನೆಲ್ಲ ಪರೀಕ್ಷಿಸಿದಾಗ ಜಾಕ್ಸನ್ ಕಟ್ಟೆಯ ಮಣ್ಣಿನ ಏರಿ ಸಡಿಲ ಕೆಸರುಮರಳಿನ ಮೇಲೆ ಕೂತಿರುವುದು ಕಂಡಿತು. ಪಕ್ಕದಲ್ಲೇ ಟೀಟಾನ್ ಭ್ರಂಶ ಹಾದುಹೋಗಿದೆ. ದೊಡ್ಡ ಭೂಕಂಪವಾದರೆ ಆ ತಳ ನೀರಾಗಿ ಹರಿಯಬಹುದಿತ್ತು. 1980ರ ದಶಕದ ಕೊನೆಯಲ್ಲಿ ದುರಸ್ತಿ ಮುಗಿಯುವವರೆಗೂ ಸರೋವರವನ್ನು ತಗ್ಗಿಸಿಯೇ ಇಟ್ಟರು. ಆಗ ಮೇಲೆದ್ದ ದಂಡೆಯಲ್ಲಿ ಪುರಾತತ್ತ್ವಜ್ಞರಿಗೆ ಸಾವಿರಾರು ವರ್ಷಗಳ ಹಿಂದಿನ ಜನ ಬೀಡುಬಿಟ್ಟ ನೆಲೆಗಳು, ಕಲ್ಲಿನ ಆಯುಧಗಳು ಸಿಕ್ಕವು.

ಇಂದಿಗೂ ಸರೋವರದಲ್ಲಿ ಯಾರ ಪಾಲಿನ ನೀರು ಎಷ್ಟೆಂಬುದು ಕರಾರಿನಲ್ಲಿ ನಿಗದಿಯಾಗಿದೆ. ಮೇಲೆ ದೋಣಿ ನಡೆಸುವವರಿಗೆ, ಕೆಳಗೆ ಟ್ರೌಟ್ ಹಿಡಿಯುವವರಿಗೆ ಅಷ್ಟು ಗಟ್ಟಿಯಾದ ಹಕ್ಕಿಲ್ಲ. 2021ರ ಬರದಲ್ಲಿ ನೀರು ಎಷ್ಟು ಇಳಿಯಿತೆಂದರೆ ಕೋಲ್ಟರ್ ಬೇ ದೋಣಿಕಟ್ಟೆ ಅವಧಿಗೆ ಮುಂಚೆಯೇ ಮುಚ್ಚಿತು. 2023ರಲ್ಲಿ ಸರೋವರ ತುಂಬಿಸಿಕೊಳ್ಳಲೆಂದು, ಕನಿಷ್ಠ 280 ಕ್ಯುಸೆಕ್ ಹರಿಸುವ ರೂಢಿ ಬಿಟ್ಟು ನದಿಗೆ 50 ಕ್ಯುಸೆಕ್ ಅಷ್ಟೇ ಬಿಡುವ ಯೋಚನೆ ಹೊರಬಿತ್ತು. ಮೀನುಗಾರರು, ಪರಿಸರ ಸಂಘಟನೆಗಳು, ವಯೋಮಿಂಗ್ ಸರ್ಕಾರದವರು ಒಟ್ಟಾಗಿ ದನಿ ಎತ್ತಿದ ಮೇಲೆ ಅದನ್ನು ಕೈಬಿಟ್ಟರು.