ಗುಂಡು ತೇಲುವುದೆ? : ಗೋದಾವರಿ ತೀರದ ಶಿಲೆಯನ್ನು ಕುರಿತು ಒಂದು ಟಿಪ್ಪಣಿ

ಕನ್ನಡನಾಡಿನ ಉತ್ತರದ ಎಲ್ಲೆಯನ್ನು 'ಕವಿರಾಜಮಾರ್ಗ'ವು ಗೋದಾವರಿಯವರೆಗೆ ಒಯ್ದಿದೆಯೆಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಆ ಎಲ್ಲೆಯ ನೆಲವನ್ನು ಕಾಣಲೆಂದು ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರ (2023ಕ್ಕೆ ಮೊದಲು ಔರಂಗಾಬಾದ್) ಜಿಲ್ಲೆಗಳಲ್ಲಿ ಸಂಚರಿಸಿದಾಗ, ಶಾಸನಶಿಲ್ಪಗಳಷ್ಟೇ ಅಲ್ಲಿನ ಕಲ್ಲೂ ನಮ್ಮ ಗಮನ ಸೆಳೆಯಿತು. ನಾಸಿಕದ ನದೀತೀರದಲ್ಲಿ ಕೈಗೆ ಸಿಕ್ಕ ತುಂಡೊಂದು ಜೇನುಹುಟ್ಟಿನಂತೆ ತೂತುತೂತಾಗಿತ್ತು. ಪಂಚವಟಿಯ ನೆಲವಾದ್ದರಿಂದ ಸೇತುಬಂಧದ ನೆನಪು ಬಾರದಿರಲಿಲ್ಲ. ತೇಲೀತೆಂದು ಬಗೆದು ಬಕೆಟ್ಟಿನ ನೀರಿಗೆ ಬಿಟ್ಟೆವು. ನಾಲ್ಕಾರು ಗುಳ್ಳೆಗಳನ್ನು ಬಿಟ್ಟು ಅದು ತಳ ಸೇರಿತು. ನಮ್ಮ ಊಹೆ ಏಕೆ ತಪ್ಪಿತೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಯಾವ ವಸ್ತುವೇ ಆಗಲಿ, ಅದರ ಒಟ್ಟು ಗಾತ್ರದಷ್ಟು ನೀರಿಗಿಂತ ಅದರ ತೂಕ ಕಡಿಮೆಯಿದ್ದರೆ ತೇಲುತ್ತದೆ, ಹೆಚ್ಚಿದ್ದರೆ ಮುಳುಗುತ್ತದೆ. ದಖ್ಖನ್ನಿನ ಕರಿಗಲ್ಲು, ಅಂದರೆ ಬಸಾಲ್ಟ್, ನೀರಿಗಿಂತ ಸುಮಾರು 2.9 ಪಟ್ಟು ಭಾರ. ಇಂಥ ಕಲ್ಲು ತೇಲಬೇಕಾದರೆ ಅದರ ಗಾತ್ರದಲ್ಲಿ ಮೂರರಲ್ಲಿ ಎರಡು ಪಾಲು ಗಾಳಿಯೇ ಇರಬೇಕು. ಆ ಗಾಳಿ ಹೊರಗೆ ಹೋಗದಂತೆಯೂ ಇರಬೇಕು. ಈ ಎರಡನೆಯ ನಿಯಮವನ್ನು ನಾವು ಮರೆತಿದ್ದೆವು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾ ಆರಿ ಈ ನೆಲವಾಯಿತು. ಅದು ತೆಳುವಾಗಿ ಹರಿಯುವ ಲಾವಾ. ಅದರೊಳಗಿನ ಅನಿಲ ಬಹುಮಟ್ಟಿಗೆ ತಪ್ಪಿಸಿಕೊಂಡಿತು. ಪದರಗಳ ಮೇಲ್ಭಾಗದಲ್ಲಿ ಸಿಕ್ಕಿಬಿದ್ದ ಗುಳ್ಳೆಗಳೇ ಈ ತೂತುಗಳು. ಅವೂ ಬರಿದಾಗಿ ಉಳಿಯಲಿಲ್ಲ. ಮುಂದೆ ಒಸರಿದ ನೀರು ಅವುಗಳಲ್ಲಿ ಝಿಯೋಲೈಟ್, ಸುಣ್ಣದ ಹರಳು, ಬೆಣಚು ಮೊದಲಾದವನ್ನು ತುಂಬಿತು. ನಾಸಿಕದ ಪಾಂಡವಲೇಣಿಯ ಗುಹೆಗಳನ್ನು ಶಾತವಾಹನರ ಶಾಸನಗಳಿಗಾಗಿ ನಾವು ಬಲ್ಲೆವು. ಆ ಬೆಟ್ಟದ ಬಳಿಯ ಕಲ್ಲುಗಣಿಗಳ ಹಸಿರು ಅಪೊಫಿಲೈಟ್ ಹರಳುಗಳನ್ನು ಲೋಕದ ಖನಿಜಸಂಗ್ರಾಹಕರೆಲ್ಲ ಬಲ್ಲರು. ಎಲ್ಲೋರದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸವನ್ನು ಕಡೆದದ್ದು ಇದೇ ಶಿಲೆಯಲ್ಲಿ. ಹರಳು ತುಂಬಿದ ಪದರ ಸಿಕ್ಕಿದೆಡೆ ಹರಳುಗಳು ಸವೆದುದುರಿ ಕಲ್ಲಿನ ಮೈ ಗುಳಿಬೀಳುತ್ತದೆ. ಶಿಲ್ಪಗಳ ನಷ್ಟವನ್ನೆಲ್ಲ ಭಂಜಕರ ತಲೆಗೆ ಕಟ್ಟುವ ಮುನ್ನ ಸಂಶೋಧಕರು ಇದನ್ನು ಗಮನಿಸುವುದು ಒಳಿತು.

ನಿಜವಾಗಿ ತೇಲುವ ಕಲ್ಲು ಪ್ಯೂಮಿಸ್. ಹಿಮ್ಮಡಿ ಉಜ್ಜಲು ಅಂಗಡಿಯಲ್ಲಿ ದೊರೆಯುವ ಹಗುರವಾದ ಕಲ್ಲು. ಸಿಲಿಕಾ ಹೆಚ್ಚಿದ್ದು ಅಂಟಂಟಾದ ಲಾವಾ ಸಿಡಿದು, ಅನಿಲ ತಪ್ಪಿಸಿಕೊಳ್ಳುವ ಮೊದಲೇ ಗಾಜಾಗಿ ಗಟ್ಟಿಗೊಂಡರೆ ಅದು ಹುಟ್ಟುತ್ತದೆ. 1883ರಲ್ಲಿ ಕ್ರಕಟೋವ ಸಿಡಿದಾಗ ಚೆಲ್ಲಿದ ಪ್ಯೂಮಿಸ್ ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕದ ಕರಾವಳಿಯನ್ನು ಮುಟ್ಟಿತು. ಅದರ ತೂತುಗಳು ಬಹು ಸಣ್ಣವು. ನೀರು ಬಾಯಿ ಕಟ್ಟಿದಂತಾಗಿ ಒಳಗಿನ ಗಾಳಿ ಬಹುಕಾಲ ಉಳಿಯುತ್ತದೆ. ಕ್ರಮೇಣ ನೀರು ಹೊಕ್ಕಂತೆ ಅದೂ ಮುಳುಗುತ್ತದೆ.

ತೇಲುವ ಕಲ್ಲನ್ನು ತೋರಿಸಿ ಸೇತುಬಂಧಕ್ಕೆ ಸಾಕ್ಷಿ ಹೇಳುವವರುಂಟು. ಕಾವ್ಯಗಳು ಅಂಥ ಸಾಕ್ಷಿಯನ್ನು ಬೇಡಿದಂತೆ ನಮಗೆ ತೋರುವುದಿಲ್ಲ. ವಾಲ್ಮೀಕಿಯಲ್ಲಿ ಸೇತುವೆಯ ಹೊಣೆ ಹೊರುವವನು ವಿಶ್ವಕರ್ಮನ ಮಗ ನಳ. ಅಲ್ಲಿ ಮುಖ್ಯವಾದುದು ಶಿಲ್ಪಿಯ ಕೌಶಲ. ನಮ್ಮ ನಾಗಚಂದ್ರನಾದರೋ ಜೈನ ಪರಂಪರೆಗೆ ತಕ್ಕಂತೆ ಸೈನ್ಯವನ್ನು ಆಕಾಶಮಾರ್ಗದಲ್ಲಿ ದಾಟಿಸುತ್ತಾನೆ.

ಮನುಷ್ಯನ ಕೈಯಿಂದಲೇ ಆದ ತೇಲುವ 'ಕಲ್ಲು' ಬೇಕೆಂದರೆ ತೆಲಂಗಾಣದ ಪಾಲಂಪೇಟೆಗೆ ಹೋಗಬೇಕು. 1213ರ ಶಾಸನವುಳ್ಳ ಅಲ್ಲಿನ ರಾಮಪ್ಪ ಗುಡಿಯ ಶಿಖರಕ್ಕೆ ಕಾಕತೀಯರ ಕಾಲದ ಕುಶಲಕರ್ಮಿಗಳು ಬಳಸಿದ ಇಟ್ಟಿಗೆ ನೀರಿನಲ್ಲಿ ತೇಲುತ್ತದೆ. ಅದರೊಳಗೂ ಇರುವುದು ಗಾಳಿಯ ಗೂಡುಗಳೇ. ಗೋಡೆಯ ಮೇಲೆ ಭಾರ ಬೀಳದಿರಲೆಂದು ಬೇಕೆಂದೇ ಮಾಡಿದವು.