ದತ್ತಸಂಚಯದ ರಕ್ಷಣೆ: ಕಿರ್ದಿ, ಪ್ರತಿ, ಪುನರುದ್ಧಾರ

ಲೆಕ್ಕವನ್ನು ಬರೆದಿಡುವ ಪದ್ಧತಿ ಎಷ್ಟು ಹಳೆಯದೋ ಬರೆದುದು ನಷ್ಟವಾದೀತೆಂಬ ಭಯವೂ ಅಷ್ಟೇ ಹಳೆಯದು. ನಮ್ಮ ಹಿರಿಯರು ಮುಖ್ಯವಾದ ಶಾಸನವನ್ನು ಕಲ್ಲಿನಲ್ಲಿ ಕಂಡರಿಸಿದರು. ದಾನಪತ್ರವನ್ನು ತಾಮ್ರದಲ್ಲಿ ಬರೆಯಿಸಿದರು. ಓಲೆಯ ಗ್ರಂಥವನ್ನು ಹುಳು ತಿನ್ನುವ ಮುನ್ನ ಪ್ರತಿಮಾಡಿಸಿದರು. ಈಗ ಬ್ಯಾಂಕಿನ ಠೇವಣಿ, ರೈಲಿನ ಮುಂಗಡ ಟಿಕೀಟು, ಜಮೀನಿನ ಪಹಣಿ ಮೊದಲಾದ ಎಣಿಕೆಯಿಲ್ಲದ ಲೆಕ್ಕಗಳು ಗಣಕಯಂತ್ರದೊಳಗಿನ ದತ್ತಸಂಚಯಗಳಲ್ಲಿ, ಎಂದರೆ ಡೇಟಾಬೇಸುಗಳಲ್ಲಿ, ಸೇರಿವೆ. ಇವು ನಷ್ಟವಾಗುವ ಬಗೆಯೂ ಇವನ್ನು ಉಳಿಸಿಕೊಳ್ಳುವ ಬಗೆಯೂ ಹಿಂದಿನವಕ್ಕಿಂತ ಭಿನ್ನವಾಗಿವೆ. ೨೦೧೭ರಲ್ಲಿ ನಡೆದ ಒಂದು ಪ್ರಸಿದ್ಧ ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶವು.

೧

ಇಂದು ಅತಿಶಯವಾಗಿ ಬಳಕೆಯಲ್ಲಿರುವುದು ಸಂಬಂಧಾತ್ಮಕವೆಂಬ ಜಾತಿಯ ದತ್ತಸಂಚಯ. ಇದರ ತತ್ತ್ವವನ್ನು ಐ.ಬಿ.ಎಂ. ಸಂಸ್ಥೆಯ ಸಂಶೋಧಕನಾಗಿದ್ದ ಎಡ್ಗರ್ ಕಾಡ್ ಎಂಬ ಆಂಗ್ಲ ವಿದ್ವಾಂಸನು ೧೯೭೦ರಲ್ಲಿ ಪ್ರಕಟಿಸಿದನು. ಎಲ್ಲ ವಿಷಯಗಳನ್ನೂ ಸಾಲುಗಳೂ ಅಂಕಣಗಳೂ ಉಳ್ಳ ಕೋಷ್ಟಕಗಳಲ್ಲಿ ಇರಿಸಿ, ಒಂದು ಕೋಷ್ಟಕಕ್ಕೂ ಮತ್ತೊಂದಕ್ಕೂ ಇರುವ ಸಂಬಂಧವನ್ನು ಅವುಗಳೊಳಗಿನ ಮೌಲ್ಯಗಳಿಂದಲೇ ಸೂಚಿಸಬೇಕೆಂಬುದು ಆತನ ಮತದ ಸಾರ.

ಕೋಷ್ಟಕದಲ್ಲಿ ಬರೆಯುತ್ತಿರುವಾಗಲೇ ವಿದ್ಯುತ್ತು ನಿಂತುಹೋದರೆ ಗತಿಯೇನು? ಒಬ್ಬನ ಖಾತೆಯಿಂದ ನೂರು ರೂಪಾಯಿ ಕಳೆದು ಮತ್ತೊಬ್ಬನ ಖಾತೆಗೆ ಕೂಡಿಸುವ ಮೊದಲೇ ಯಂತ್ರವು ನಿಂತರೆ ಹಣವು ಮಾಯವಾದಂತಾಗುವುದಲ್ಲವೆ? ಇದಕ್ಕೆ ಕಂಡುಕೊಂಡಿರುವ ಪರಿಹಾರವು ನಮ್ಮ ವರ್ತಕರಿಗೆ ಅಪರಿಚಿತವಾದುದಲ್ಲ. ಅಂಗಡಿಯ ಲೆಕ್ಕದಲ್ಲಿ ನಡೆದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಕ್ರಮವಾಗಿ ಬರೆದು ತರುವಾಯ ಖಾತೆಗೆ ಏರಿಸುವುದು ರೂಢಿಯಷ್ಟೆ. ಹಾಗೆಯೇ ದತ್ತಸಂಚಯವೂ ಪ್ರತಿಯೊಂದು ಬದಲಾವಣೆಯನ್ನು ಮೊದಲು ತನ್ನ ಕಿರ್ದಿಯಲ್ಲಿ ಬರೆದು, ಅದು ಡಿಸ್ಕಿನ ಮೇಲೆ ನೆಲೆಗೊಂಡಿತೆಂದು ಖಚಿತಪಡಿಸಿಕೊಂಡ ಮೇಲೆಯೇ ವ್ಯವಹಾರವು ಮುಗಿಯಿತೆಂದು ಹೇಳುತ್ತದೆ. ಕೋಷ್ಟಕಗಳಿಗೆ ಅದನ್ನು ನಿಧಾನವಾಗಿ ಏರಿಸುತ್ತದೆ. ಯಂತ್ರವು ನಡುವೆ ನಿಂತುಹೋದರೆ, ಮತ್ತೆ ಎದ್ದ ಕೂಡಲೆ ಕಿರ್ದಿಯನ್ನು ಓದಿ ಉಳಿದುಹೋದುದನ್ನು ಪೂರ್ತಿಮಾಡುತ್ತದೆ.

ಈ ಕಿರ್ದಿಯಿಂದ ಮತ್ತೆರಡು ಪ್ರಯೋಜನಗಳುಂಟು. ಅದನ್ನು ಬರೆದಂತೆಲ್ಲ ಇನ್ನೊಂದು ಯಂತ್ರಕ್ಕೆ ಕಳುಹಿಸಿದರೆ, ಆ ಯಂತ್ರದಲ್ಲಿ ಮೂಲವನ್ನು ಬೆಂಬಿಡದೆ ಅನುಸರಿಸುವ ಅನುಚರ ಪ್ರತಿಯೊಂದು ಸಿದ್ಧವಾಗುತ್ತದೆ. ಹಳೆಯದೊಂದು ಪೂರ್ಣ ಪ್ರತಿಯ ಜೊತೆಗೆ ಅಂದಿನಿಂದ ಬರೆದ ಕಿರ್ದಿಯನ್ನೆಲ್ಲ ಬೇರೆಡೆ ಸಂಗ್ರಹಿಸಿಟ್ಟರೆ, ಬೇಕಾದ ಯಾವ ಗಳಿಗೆಯ ಸ್ಥಿತಿಗಾದರೂ ಲೆಕ್ಕವನ್ನು ಮರಳಿ ಕಟ್ಟಬಹುದು. ಅನುಚರ ಪ್ರತಿಯೂ ಕಾಪಿಟ್ಟ ಪ್ರತಿಯೂ ಒಂದೇ ಎಂದು ಭ್ರಮಿಸಬಾರದು. ಮೂಲದಲ್ಲಿ ಯಾರಾದರೂ ಒಂದು ಕೋಷ್ಟಕವನ್ನು ಅಳಿಸೆಂದು ಆಜ್ಞಾಪಿಸಿದರೆ ಅದು ಕಿರ್ದಿಯಲ್ಲಿ ಬರೆಯಲ್ಪಟ್ಟು, ಅನುಚರವೂ ವಿಧೇಯವಾಗಿ ತನ್ನ ಕೋಷ್ಟಕವನ್ನು ಅಳಿಸಿಕೊಳ್ಳುತ್ತದೆ. ಅನುಚರವು ಯಂತ್ರದ ಕೇಡಿನಿಂದ ಕಾಪಾಡುವುದೇ ಹೊರತು ಮನುಷ್ಯನ ಕೈತಪ್ಪಿನಿಂದಲ್ಲ.

೨

ಗಿಟ್‌ಲ್ಯಾಬ್ ಎಂಬ ಸಂಸ್ಥೆಯು ಕ್ರಮವಿಧಿಗಳನ್ನು ರಚಿಸುವವರು ತಮ್ಮ ಬರಹಗಳನ್ನು ಇರಿಸಿ ಹಂಚಿಕೊಳ್ಳುವ ಸ್ಥಾನವನ್ನು ಅಂತರಜಾಲದಲ್ಲಿ ನಡೆಯಿಸುತ್ತದೆ. ೨೦೧೭ರಲ್ಲಿ ಅದರ ಲೆಕ್ಕಗಳು ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದಲ್ಲಿ, ಒಂದು ಮೂಲ ಮತ್ತು ಒಂದು ಅನುಚರ ಎಂಬ ಎರಡು ಯಂತ್ರಗಳಲ್ಲಿದ್ದವು. ಆ ವರ್ಷದ ಜನವರಿ ೩೧ನೆಯ ತಾರೀಖಿನ ಸಂಜೆ ಮೂಲದ ಮೇಲೆ ಅಸಾಧಾರಣವಾದ ಭಾರ ಬಿದ್ದಿತು. ಅನುಚರವು ಹಿಂದುಳಿಯಿತು, ಅದಕ್ಕೆ ಇನ್ನೂ ಬೇಕಾಗಿದ್ದ ಕಿರ್ದಿಯ ಹಾಳೆಗಳನ್ನು ಮೂಲವು ಹಳೆಯವೆಂದು ತೆಗೆದುಹಾಕಿತ್ತು. ಕಿರ್ದಿಯನ್ನು ಬೇರೆಡೆ ಸಂಗ್ರಹಿಸುವ ಏರ್ಪಾಡು ಇರಲಿಲ್ಲವಾದುದರಿಂದ, ಅನುಚರವನ್ನು ಬರಿದುಮಾಡಿ ಮೊದಲಿನಿಂದ ನಕಲು ಮಾಡುವುದೊಂದೇ ದಾರಿಯಾಯಿತು.

ನಕಲು ಮಾಡುವ ಸಾಧನವನ್ನು ಪ್ರಯೋಗಿಸಿದರೆ ಅದು ಯಾವ ಮಾತನ್ನೂ ಹೇಳದೆ ಸುಮ್ಮನಿತ್ತು. ಮೂಲವು ಕಳುಹಿಸಲು ಮೊದಲು ಮಾಡುವವರೆಗೆ ಹಾಗೆ ಮೌನವಾಗಿ ಕಾಯುವುದೇ ಅದರ ಸ್ವಭಾವ. ಆದರೆ ಇದು ಕೆಲಸಗಾರರಿಗೆ ತಿಳಿದಿರಲಿಲ್ಲ. ಹಿಂದಿನ ಪ್ರಯತ್ನದಿಂದ ಉಳಿದ ಕಡತಕೋಶವೇ ಅಡ್ಡಿಯಾಗಿರಬಹುದೆಂದು ಊಹಿಸಿ, ಗ್ರೀನಿಚ್ ವೇಳೆ ರಾತ್ರಿ ಸುಮಾರು ಹನ್ನೊಂದೂವರೆಗೆ ನಿರ್ವಾಹಕರೊಬ್ಬರು ಅದನ್ನು ಅಳಿಸುವ ಆಜ್ಞೆಯನ್ನು ಕೊಟ್ಟರು. ಆ ಆಜ್ಞೆಯು ಅನುಚರದಲ್ಲಿ ನಡೆಯದೆ ಮೂಲದಲ್ಲಿ ನಡೆಯಿತು. ಒಂದೆರಡು ಸೆಕೆಂಡುಗಳಲ್ಲಿಯೇ ಅರಿತು ತಡೆದರೂ, ಸುಮಾರು ೩೦೦ ಗಿಗಾಬೈಟಿನಷ್ಟು ಲೆಕ್ಕದಲ್ಲಿ ಉಳಿದುದು ಸುಮಾರು ೪.೫ ಮಾತ್ರ. ಅನುಚರವನ್ನು ಆಗಲೇ ಬರಿದುಮಾಡಿದ್ದರು. ಪ್ರತಿಯನ್ನು ಅಳಿಸಿ ಕಟ್ಟುವ ಕಾಲವೇ ಮೂಲವು ಒಂಟಿಯಾಗಿ ನಿಲ್ಲುವ ಕಾಲವೆಂಬುದನ್ನು ಇಲ್ಲಿ ಗಮನಿಸತಕ್ಕುದು.

೩

ಕಾಪಿಟ್ಟ ಪ್ರತಿಗಳು ಇದ್ದುವಲ್ಲವೆ ಎಂದು ವಾಚಕರು ಕೇಳಬಹುದು. ಇದ್ದುವೆಂದೇ ಎಲ್ಲರೂ ನಂಬಿದ್ದರು. ದಿನಕ್ಕೊಮ್ಮೆ ಪೂರ್ಣ ಪ್ರತಿಯೊಂದು ದೂರದ ಉಗ್ರಾಣಕ್ಕೆ ಹೋಗಬೇಕಾಗಿತ್ತು. ತೆರೆದು ನೋಡಿದರೆ ಉಗ್ರಾಣವು ಬರಿದಾಗಿತ್ತು. ದತ್ತಸಂಚಯವು ೯.೬ನೆಯ ಆವೃತ್ತಿಯದು, ಪ್ರತಿಮಾಡುವ ಸಾಧನವು ೯.೨ನೆಯ ಆವೃತ್ತಿಯದು. ಹಳೆಯ ಸಾಧನವು ಹೊಸ ಸಂಚಯವನ್ನು ಪ್ರತಿಮಾಡಲೊಪ್ಪದೆ ಪ್ರತಿಬಾರಿಯೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳು ಹೊರಡುತ್ತಲೂ ಇದ್ದವು. ಆದರೆ ಕಳುಹಿಸಿದವರ ಗುರುತನ್ನು ಪರೀಕ್ಷಿಸುವ ನಿಯಮಕ್ಕೆ ಅವು ಹೊಂದದೆ ತಿರಸ್ಕೃತವಾಗುತ್ತಿದ್ದವು. ಡಿಸ್ಕಿನ ಪಡಿಯಚ್ಚು ತೆಗೆಯುವ ಇನ್ನೊಂದು ಏರ್ಪಾಡನ್ನು ಬೇರೆ ಯಂತ್ರಗಳಿಗೆ ಅನ್ವಯಿಸಿದ್ದರೇ ವಿನಾ ದತ್ತಸಂಚಯದ ಯಂತ್ರಗಳಿಗೆ ಅನ್ವಯಿಸಿರಲಿಲ್ಲ.

ಕೊನೆಗೆ ಕೈಹಿಡಿದುದು ಒಂದು ಆಕಸ್ಮಿಕ. ಅದೇ ದಿನ ಸಂಜೆ ೫ ಗಂಟೆ ೨೦ ನಿಮಿಷದ ಸುಮಾರಿಗೆ, ಬೇರೊಂದು ಪರೀಕ್ಷೆಗಾಗಿ ನಿರ್ವಾಹಕರು ಕೈಯಾರೆ ಒಂದು ಪಡಿಯಚ್ಚನ್ನು ತೆಗೆದಿದ್ದರು. ಅದನ್ನೇ ಪರೀಕ್ಷಾಯಂತ್ರದಿಂದ ಮರಳಿ ತಂದರು. ಅಲ್ಲಿಯ ಡಿಸ್ಕುಗಳು ಮಂದಗತಿಯವಾದುದರಿಂದ ಕಾರ್ಯವು ಬಹಳ ನಿಧಾನವಾಗಿ ಸಾಗಿ, ಮರುದಿನ ಸಂಜೆ ಸುಮಾರು ೬ ಗಂಟೆಗೆ ಸ್ಥಾನವು ಮತ್ತೆ ತೆರೆಯಿತು. ನಡುವಣ ಆರು ಗಂಟೆಗೂ ಮಿಕ್ಕ ಕಾಲದ ಲೆಕ್ಕವು ಹೋದುದು ಹೋಯಿತು. ಸಂಸ್ಥೆಯ ಅಂದಾಜಿನಂತೆ ಸುಮಾರು ೫,೦೦೦ ಯೋಜನೆಗಳಿಗೂ ೫,೦೦೦ ಟಿಪ್ಪಣಿಗಳಿಗೂ ೭೦೦ ಹೊಸ ಸದಸ್ಯರಿಗೂ ಬಾಧೆ ತಟ್ಟಿತು. ಕ್ರಮವಿಧಿಗಳ ಮೂಲಬರಹಗಳು ಬೇರೆಡೆ ಇದ್ದುದರಿಂದ ಅವು ಉಳಿದವು.

೪

ಆ ರಾತ್ರಿಯ ನಿರ್ವಾಹಕರ ಮೇಲೆ ದೋಷವನ್ನೆಲ್ಲ ಹೊರಿಸಿದರೆ ವಿಚಾರವು ಅಲ್ಲಿಗೇ ನಿಲ್ಲುತ್ತದೆ. ದಣಿದವನ ಕೈ ಎಲ್ಲ ಕಾಲದಲ್ಲಿಯೂ ತಪ್ಪೀತು. ತಪ್ಪಿದ ಮೇಲೆ ಏನು ಉಳಿಯುವುದೆಂಬುದನ್ನು ಮೊದಲೇ ನಿಶ್ಚಯಿಸುವುದು ಆಡಳಿತದ ಕೆಲಸ. ಸಂಸ್ಥೆಯವರು ನಡೆದುದೆಲ್ಲವನ್ನೂ ಮರೆಮಾಚದೆ ಪ್ರಕಟಿಸಿದರು. ಅವರ ಪ್ರಾಮಾಣಿಕತೆಯಿಂದಲೇ ಇತರರಿಗೆ ಈ ಪಾಠಗಳು ದೊರೆತಿವೆ.

ಪ್ರಥಮತಃ, ಮರಳಿ ಕಟ್ಟಿ ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬಾರದು. ನಿಯತಕಾಲಕ್ಕೊಮ್ಮೆ ಬೇರೊಂದು ಯಂತ್ರದಲ್ಲಿ ಅದನ್ನು ತೆರೆದು, ಕೋಷ್ಟಕಗಳ ಸಾಲುಗಳನ್ನು ಮೂಲದೊಡನೆ ತಾಳೆನೋಡಿ, ಹಿಡಿದ ಕಾಲವನ್ನು ಗುರುತಿಸಿಕೊಳ್ಳತಕ್ಕದ್ದು. ಎರಡನೆಯದಾಗಿ, ಸೋಲಿನ ವರ್ತಮಾನವನ್ನು ಮಾತ್ರ ನೆಚ್ಚಬಾರದು. ದೂತನೇ ದಾರಿಯಲ್ಲಿ ನಿಂತರೆ ಮೌನವು ಕ್ಷೇಮವೆಂದು ತೋರುತ್ತದೆ. ಗೆಲುವಿನ ವರ್ತಮಾನವು ಸಕಾಲಕ್ಕೆ ಬಾರದಿದ್ದರೆ ಅದನ್ನೇ ಕೇಡಿನ ಸೂಚನೆಯೆಂದು ತಿಳಿಯಬೇಕು. ಮೂರನೆಯದಾಗಿ, ಕಿರ್ದಿಯನ್ನು ಬೇರೆಡೆ ಸಂಗ್ರಹಿಸಿಡಬೇಕು. ಹಾಗೆ ಮಾಡಿದ್ದರೆ ಅಂದು ಅನುಚರವು ಹಿಂದುಳಿದರೂ ಸಂಗ್ರಹದಿಂದ ಹಾಳೆಗಳನ್ನು ಪಡೆದು ಮೂಲವನ್ನು ಕೂಡಿಕೊಳ್ಳುತ್ತಿತ್ತು. ಅಳಿಸುವ ಪ್ರಸಂಗವೇ ಬರುತ್ತಿರಲಿಲ್ಲ. ನಾಲ್ಕನೆಯದಾಗಿ, ಸಾಧನವು ಸುಮ್ಮನಿದ್ದಾಗ ಅದು ಏಕೆ ಸುಮ್ಮನಿದೆಯೆಂಬುದನ್ನು ಮೊದಲು ವಿಚಾರಿಸಬೇಕು. ಮರಳಿ ಪಡೆಯಲಾಗದ ಕಾರ್ಯಕ್ಕೆ ಊಹೆಯ ಆಧಾರದಿಂದ ಕೈಹಾಕಬಾರದು. ಅಳಿಸುವ ಬದಲು ಕಡತಕೋಶದ ಹೆಸರನ್ನು ಮಾತ್ರ ಬದಲಿಸಿದರೆ ಉದ್ದೇಶವೂ ನೆರವೇರುತ್ತದೆ, ತಪ್ಪಿದರೆ ತಿದ್ದಲೂ ಅವಕಾಶವಿರುತ್ತದೆ.

ದತ್ತಸಂಚಯದಲ್ಲಿರುವ ಒಂದೊಂದು ಸಾಲೂ ಯಾರೋ ಒಬ್ಬರು ನಂಬಿ ಒಪ್ಪಿಸಿದ ಮಾತು. ಅದನ್ನು ಕಾಯುವ ಹೊಣೆಯನ್ನು ಹೊತ್ತವರು ತಮ್ಮ ಕಾಪಿನ ಪ್ರತಿಯನ್ನು ಕಡೆಯ ಬಾರಿ ಯಾವ ದಿನ ತೆರೆದು ನೋಡಿದೆವೆಂಬ ಪ್ರಶ್ನೆಗೆ ತಾರೀಖು ಸಹಿತ ಉತ್ತರವನ್ನು ಹೇಳಬಲ್ಲವರಾಗಿರಬೇಕು.