ಬ್ರಿಟನ್ನಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ

ಕರ್ನಾಟಕದಿಂದ ಬ್ರಿಟನ್ನಿಗೆ ಹೋಗಿ ನೆಲೆಸುವ ನರ್ಸುಗಳು, ವೈದ್ಯರು ಮತ್ತು ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಲಂಡನ್ನಿನ ಒಳಭಾಗದಲ್ಲಿ ಮನೆ ಮಾಡಿದವರಿಗೆ ಕಾರು ಅನಿವಾರ್ಯವೇನಲ್ಲ. ಆದರೆ ಸಂಜೆಯಾದ ಮೇಲೆ ಬಸ್ಸುಗಳು ವಿರಳವಾಗುವ ಸಣ್ಣ ಊರುಗಳಲ್ಲಿ, ಅದರಲ್ಲೂ ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳಬೇಕಾದವರಿಗೆ, ಮನೆ ಬಾಡಿಗೆಯ ನಂತರದ ಮೊದಲ ದೊಡ್ಡ ಖರ್ಚು ಅದೇ ಆಗಿರುತ್ತದೆ. ಹೊಸದಾಗಿ ಬಂದವರ ಹೆಸರಿನಲ್ಲಿ ಆ ದೇಶದಲ್ಲಿ ಸಾಲ ತೀರಿಸಿದ ದಾಖಲೆ, ಅಂದರೆ ಕ್ರೆಡಿಟ್ ಹಿಸ್ಟರಿ, ಇರುವುದಿಲ್ಲವಾದ್ದರಿಂದ ಕಾರಿನ ಸಾಲ ಸಿಗುವುದು ಕಷ್ಟ, ಸಿಕ್ಕರೂ ಬಡ್ಡಿ ಹೆಚ್ಚು. ಹಾಗಾಗಿ ಕೈಯಲ್ಲಿರುವ ಕೆಲವು ಸಾವಿರ ಪೌಂಡುಗಳೊಳಗೆ ಹತ್ತು ಹನ್ನೆರಡು ವರ್ಷ ಹಳೆಯದಾದ ಕಾರೊಂದನ್ನು ಹುಡುಕುವುದೇ ಅನೇಕರಿಗೆ ಉಳಿಯುವ ದಾರಿ. ರಸ್ತೆಯ ಎಡಬದಿಯ ಸಂಚಾರ, ಬಲಬದಿಯ ಸ್ಟಿಯರಿಂಗ್ ಎರಡೂ ಊರಿನಲ್ಲಿದ್ದಂತೆಯೇ ಇರುವುದರಿಂದ ಎಲ್ಲವೂ ಪರಿಚಿತವೆಂಬ ಭಾವನೆ ಮೂಡುತ್ತದೆ. ತೊಡಕು ಹುಟ್ಟುವುದು ಈ ಭಾವನೆಯಿಂದಲೇ.

ಕರ್ನಾಟಕದಲ್ಲಿ ಹಳೆಯ ಕಾರು ಕೊಳ್ಳುವವರು ಮೊದಲು ಕೇಳುವುದು ಆರ್.ಸಿ.ಯನ್ನು. ಮಾಲೀಕನ ಹೆಸರು ಅದರಲ್ಲಿರುತ್ತದೆ. ಸಾಲವಿದ್ದರೆ ಹೈಪಾಥಿಕೇಶನ್ ಎಂಬ ನಮೂದಿನಡಿ ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇರುತ್ತದೆ. ಬ್ರಿಟನ್ನಿನಲ್ಲಿ ಅದರ ಸ್ಥಾನದಲ್ಲಿರುವುದು ವಿ5ಸಿ ಎಂಬ ದಾಖಲೆ, ಜನರ ಬಾಯಲ್ಲಿ ಲಾಗ್‌ಬುಕ್. ವೇಲ್ಸ್‌ನ ಸ್ವಾನ್ಸೀ ನಗರದಲ್ಲಿರುವ ಡಿವಿಎಲ್ಎ ಎಂಬ ಸರ್ಕಾರಿ ಸಂಸ್ಥೆ ಅದನ್ನು ಕೊಡುತ್ತದೆ. ಆದರೆ ಅದರಲ್ಲಿರುವುದು ‘ರಿಜಿಸ್ಟರ್ಡ್ ಕೀಪರ್’, ಅಂದರೆ ವಾಹನದ ತೆರಿಗೆಗೂ ದಂಡಗಳಿಗೂ ಉತ್ತರಿಸಬೇಕಾದ ವ್ಯಕ್ತಿಯ ಹೆಸರೇ ಹೊರತು ಒಡೆಯನ ಹೆಸರಲ್ಲ. ತಾನು ಒಡೆತನದ ಪುರಾವೆಯಲ್ಲವೆಂದು ಆ ಕಾಗದವೇ ಸ್ಪಷ್ಟವಾಗಿ ಹೇಳುತ್ತದೆ. ಕಾರಿನ ಮೇಲೆ ತೀರದ ಸಾಲವಿದ್ದರೂ ಲಾಗ್‌ಬುಕ್ಕಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಹೈರ್ ಪರ್ಚೇಸ್ ಒಪ್ಪಂದದಲ್ಲಿ ಕೊನೆಯ ಕಂತು ಸಲ್ಲುವವರೆಗೆ ಕಾರು ಹಣಕಾಸು ಸಂಸ್ಥೆಗೇ ಸೇರಿದ್ದು. ಸಾಲದ ಅರಿವಿಲ್ಲದೆ ಪ್ರಾಮಾಣಿಕವಾಗಿ ಕೊಂಡ ಖಾಸಗಿ ಗ್ರಾಹಕನಿಗೆ 1964ರ ಹೈರ್ ಪರ್ಚೇಸ್ ಕಾಯಿದೆ ರಕ್ಷಣೆ ಕೊಡುತ್ತದಾದರೂ, ಹೊಸ ದೇಶದಲ್ಲಿ ಆ ಪ್ರಾಮಾಣಿಕತೆಯನ್ನು ಸಾಧಿಸಲು ಪತ್ರ ವ್ಯವಹಾರಕ್ಕಿಳಿಯುವುದಕ್ಕಿಂತ ಕಾರಿನ ಹಿನ್ನೆಲೆ ಪರಿಶೀಲಿಸುವ ಖಾಸಗಿ ಸೇವೆಗಳಿಗೆ ಸಣ್ಣ ಶುಲ್ಕ ತೆತ್ತು ಮೊದಲೇ ವಿಚಾರಿಸುವುದು ಜಾಣತನ. ಕಾರು ಕಳವಿನದೇ, ಅಪಘಾತದ ನಂತರ ವಿಮಾ ಕಂಪನಿ ಅದನ್ನು ಕೈಬಿಟ್ಟಿತ್ತೇ ಎಂಬುದೂ ಅದೇ ವರದಿಯಿಂದ ತಿಳಿಯುತ್ತದೆ. 2017ರ ಅಕ್ಟೋಬರಿನಿಂದ, ಹೀಗೆ ಕೈಬಿಟ್ಟರೂ ರಿಪೇರಿ ಮಾಡಿ ರಸ್ತೆಗಿಳಿಸಬಹುದಾದ ಕಾರುಗಳಲ್ಲಿ ಚೌಕಟ್ಟಿಗೆ ಪೆಟ್ಟು ಬಿದ್ದವನ್ನು ‘ಎಸ್’ ಎಂದೂ ಉಳಿದವನ್ನು ‘ಎನ್’ ಎಂದೂ ಗುರುತಿಸಲಾಗುತ್ತಿದೆ. ಸಾಮಾನ್ಯ ದರಕ್ಕಿಂತ ತೀರಾ ಅಗ್ಗವಾಗಿ ಕಾಣುವ ಕಾರಿನ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಈ ಎರಡು ಅಕ್ಷರಗಳನ್ನು.

ಹೊಸಬರ ಕೈಗೆಟುಕುವ ಅತ್ಯುತ್ತಮ ಸಾಧನ ಮಾತ್ರ ಪೂರ್ತಿ ಉಚಿತ. ಮೂರು ವರ್ಷ ತುಂಬಿದ ಕಾರುಗಳೆಲ್ಲ ಇಂಗ್ಲೆಂಡ್, ಸ್ಕಾಟ್‌ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಪ್ರತಿವರ್ಷ ಎಂಒಟಿ ಎಂಬ ತಪಾಸಣೆಗೆ ಒಳಗಾಗಬೇಕು. 1960ರಲ್ಲಿ ಅಂದಿನ ಸಾರಿಗೆ ಸಚಿವಾಲಯ ಹತ್ತು ವರ್ಷ ದಾಟಿದ ವಾಹನಗಳಿಗಾಗಿ ಆರಂಭಿಸಿದ ಈ ಪರೀಕ್ಷೆ 1967ರಲ್ಲಿ ಮೂರು ವರ್ಷಕ್ಕಿಳಿಯಿತು. ಆ ಸಚಿವಾಲಯದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಇಂದಿಗೂ ಪರೀಕ್ಷೆಯ ಹೆಸರು. ನೋಂದಣಿ ಸಂಖ್ಯೆಯೊಂದು ತಿಳಿದಿದ್ದರೆ ಸಾಕು, ಸರ್ಕಾರದ ಜಾಲತಾಣದಲ್ಲಿ ಯಾರ ಅನುಮತಿಯೂ ಬೇಡದೆ ಆ ಕಾರಿನ ಹಿಂದಿನ ತಪಾಸಣೆಗಳ ವಿವರವನ್ನು ಓದಬಹುದು. ಯಾವ ವರ್ಷ ಪಾಸಾಯಿತು, ಯಾವುದರಲ್ಲಿ ಫೇಲಾಯಿತು, ಆಗ ಎಷ್ಟು ಮೈಲಿ ಓಡಿತ್ತು, ಪಾಸು ಮಾಡಿದರೂ ತಪಾಸಕ ಯಾವುದರ ಬಗ್ಗೆ ಎಚ್ಚರಿಸಿದ ಎಂಬುದೆಲ್ಲ ಅಲ್ಲಿರುತ್ತದೆ. ಈ ಎಚ್ಚರಿಕೆಗಳಿಗೆ ‘ಅಡ್ವೈಸರಿ’ ಎಂದು ಹೆಸರು.

ಈ ದಾಖಲೆಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಮೈಲಿಯ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗಬೇಕು. ಎಪ್ಪತ್ತು ಸಾವಿರವಿದ್ದದ್ದು ಮರುವರ್ಷ ಐವತ್ತು ಸಾವಿರವಾಗಿದ್ದರೆ ಮೀಟರನ್ನು ಹಿಂದಕ್ಕೆ ತಿರುಗಿಸಿರುವ ಸಾಧ್ಯತೆಯೇ ಹೆಚ್ಚು. ಎಚ್ಚರಿಕೆಗಳಿದ್ದ ಮಾತ್ರಕ್ಕೆ ಕಾರು ಕೆಟ್ಟದ್ದೆಂದು ತಿಳಿಯಬಾರದು. ಒಂದು ವರ್ಷ ಬ್ರೇಕ್ ಪ್ಯಾಡ್ ಸವೆದಿದೆಯೆಂದು ಬರೆದದ್ದು ಮರುವರ್ಷ ಕಾಣದಿದ್ದರೆ ಕಾರಿನ ಆರೈಕೆ ಮಾಡಿದವರೊಬ್ಬರಿದ್ದರೆಂದು ಊಹಿಸಬಹುದು. ಅದೇ ಟೈರು, ಅದೇ ಸಸ್ಪೆನ್ಷನ್ ಬಗ್ಗೆ ನಾಲ್ಕು ವರ್ಷ ಒಂದೇ ಮಾತು ಬರೆದಿದ್ದರೆ ಆ ಖರ್ಚು ಮುಂದಿನ ಒಡೆಯನಿಗಾಗಿ ಕಾದಿದೆ ಎಂದರ್ಥ. ವಿಶೇಷವಾಗಿ ಗಮನಿಸಬೇಕಾದದ್ದು ತುಕ್ಕಿನ ಉಲ್ಲೇಖ. ಚಳಿಗಾಲದಲ್ಲಿ ಹಿಮ ಗಟ್ಟಿಯಾಗದಂತೆ ರಸ್ತೆಗಳಿಗೆ ಉಪ್ಪು ಎರಚುವುದರಿಂದ ಅಲ್ಲಿನ ಕಾರುಗಳು ಕೆಳಗಿನಿಂದ ತುಕ್ಕು ಹಿಡಿಯುತ್ತವೆ, ಆದರೆ ಬೆಂಗಳೂರು, ಮೈಸೂರುಗಳಲ್ಲಿ ಕಾರು ನೋಡಿ ಪಳಗಿದ ಕಣ್ಣು ಬಣ್ಣ ಮತ್ತು ಎಂಜಿನ್ ನೋಡುತ್ತದೆಯೇ ಹೊರತು ಬಗ್ಗಿ ತಳವನ್ನು ನೋಡುವುದಿಲ್ಲ. ಹಾಗೆಯೇ ಈ ತಪಾಸಣೆಯ ಮಿತಿಯನ್ನೂ ಅರಿತಿರಬೇಕು: ಎಂಜಿನ್, ಕ್ಲಚ್ ಮತ್ತು ಗೇರ್‌ಬಾಕ್ಸ್‌ಗಳ ಆರೋಗ್ಯ ಎಂಒಟಿಯ ವ್ಯಾಪ್ತಿಗೆ ಬರುವುದಿಲ್ಲ. ಅವಕ್ಕೆ ಸರ್ವಿಸ್ ಬಿಲ್ಲುಗಳೇ ಆಧಾರ. ಎಂಜಿನ್ನಿನ ಒಳಭಾಗಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವ ಟೈಮಿಂಗ್ ಬೆಲ್ಟ್ ಇರುವ ಕಾರಾದರೆ ಅದನ್ನು ಬದಲಿಸಿದ ಬಿಲ್ಲಿಗಾಗಿ ತಪ್ಪದೆ ಕೇಳಬೇಕು. ಓಡುವಾಗ ಅದು ತುಂಡಾದರೆ ಎಷ್ಟೋ ಕಾರುಗಳಲ್ಲಿ ಎಂಜಿನ್ನೇ ಹಾಳಾಗುತ್ತದೆ.

ಬೆಲೆಯ ವಿಷಯಕ್ಕೆ ಬಂದರೆ, ಕಾರಿಗೆ ಕೊಡುವ ಹಣಕ್ಕಿಂತ ಅದನ್ನು ಇಟ್ಟುಕೊಳ್ಳುವ ಹಣವೇ ಹೊಸಬರನ್ನು ಬೆಚ್ಚಿಬೀಳಿಸುತ್ತದೆ. ಅದರಲ್ಲಿ ಮುಖ್ಯವಾದದ್ದು ವಿಮೆ. ಕಾರುಗಳನ್ನು ಅಲ್ಲಿ ಒಂದರಿಂದ ಐವತ್ತರವರೆಗಿನ ವಿಮಾ ಗುಂಪುಗಳಾಗಿ ವಿಂಗಡಿಸಿದ್ದಾರೆ, ಸಣ್ಣ ಸಂಖ್ಯೆಯ ಗುಂಪಿನ ಕಾರಿಗೆ ಪ್ರೀಮಿಯಂ ಕಡಿಮೆ. ಭಾರತದಲ್ಲಿ ಹದಿನೈದು ವರ್ಷ ಕ್ಲೇಮ್ ಇಲ್ಲದೆ ಓಡಿಸಿದವನನ್ನೂ ಅನೇಕ ಕಂಪನಿಗಳು ಅನನುಭವಿಯೆಂದೇ ಪರಿಗಣಿಸುವುದರಿಂದ, ಅಗ್ಗದ ಕಾರಿನ ಮೊದಲ ವರ್ಷದ ವಿಮೆ ಕಾರಿನ ಬೆಲೆಯ ಗಣನೀಯ ಪಾಲಿಗೇರುವುದುಂಟು. ಆದ್ದರಿಂದ ಕಾರು ಒಪ್ಪಿಕೊಂಡ ನಂತರ ವಿಮೆ ಹುಡುಕುವ ನಮ್ಮ ರೂಢಿಯನ್ನು ತಿರುವುಮುರುವು ಮಾಡಿ, ಮೆಚ್ಚಿದ ಕಾರಿನ ನೋಂದಣಿ ಸಂಖ್ಯೆ ಕೊಟ್ಟು ಮೊದಲು ವಿಮೆಯ ದರ ಕೇಳುವುದು ಒಳಿತು. ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡದ ಜೊತೆ ಲೈಸೆನ್ಸಿನ ಮೇಲೆ ಆರು ಅಂಕಗಳ ಕಪ್ಪುಚುಕ್ಕೆಯೂ ಬೀಳುತ್ತದೆ.

ತೆರಿಗೆಯಲ್ಲೂ ಊರಿನ ಲೆಕ್ಕ ನಡೆಯುವುದಿಲ್ಲ. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆಯನ್ನು ಮೊದಲ ಒಡೆಯನೇ ಕಟ್ಟಿರುತ್ತಾನೆ, ಅದು ಕಾರಿನೊಂದಿಗೇ ಮುಂದಿನವನಿಗೆ ದಾಟುತ್ತದೆ. ಬ್ರಿಟನ್ನಿನಲ್ಲಿ 2014ರ ಅಕ್ಟೋಬರಿನಿಂದ ಮಾರಾಟವಾದ ಕ್ಷಣಕ್ಕೇ ತೆರಿಗೆ ಮುಗಿಯುತ್ತದೆ; ಉಳಿದ ಪೂರ್ಣ ತಿಂಗಳುಗಳ ಹಣ ಮಾರಿದವನಿಗೆ ಹಿಂದಿರುಗುತ್ತದೆ, ಕೊಂಡವನು ರಸ್ತೆಗಿಳಿಸುವ ಮೊದಲೇ ಹೊಸದಾಗಿ ಕಟ್ಟಬೇಕು. ಲಂಡನ್ನಿಗೆ ಹೋಗಿಬರುವವರಿಗೆ ಇನ್ನೊಂದು ಲೆಕ್ಕವಿದೆ. 2023ರ ಆಗಸ್ಟ್ 29ರಿಂದ ಇಡೀ ಮಹಾನಗರಕ್ಕೆ ವಿಸ್ತರಿಸಿದ ಯುಲೆಝ್ ಎಂಬ ಕಡಿಮೆ ಹೊಗೆಯ ವಲಯದಲ್ಲಿ, ಮಾನದಂಡಕ್ಕೆ ಹೊಂದದ ಕಾರು ಓಡಿದ ದಿನಕ್ಕೆ 12.50 ಪೌಂಡ್ ಶುಲ್ಕ. ಪೆಟ್ರೋಲ್ ಕಾರು ಯೂರೋ 4, ಡೀಸೆಲ್ ಕಾರು ಯೂರೋ 6 ಮಟ್ಟದ್ದಾಗಿರಬೇಕೆಂಬ ನಿಯಮದಿಂದಾಗಿ 2008ರ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ ಏನೂ ತಗಲುವುದಿಲ್ಲ, ಅದಕ್ಕಿಂತ ನಾಲ್ಕು ವರ್ಷ ಹೊಸದಾದ 2012ರ ಡೀಸೆಲ್ ಕಾರು ತಿಂಗಳಲ್ಲಿ ಇಪ್ಪತ್ತು ದಿನ ಓಡಿದರೆ 250 ಪೌಂಡ್ ನುಂಗುತ್ತದೆ. ಹಳೆಯ ಡೀಸೆಲ್ ಕಾರುಗಳು ಅಲ್ಲಿ ಆಕರ್ಷಕ ದರಕ್ಕೆ ಸಿಗುವುದರ ಒಂದು ಗುಟ್ಟು ಇದು.

ಯಾರಿಂದ ಕೊಳ್ಳಬೇಕೆಂಬುದರಲ್ಲಿ ದರ ಮತ್ತು ರಕ್ಷಣೆ ಎದುರುಬದುರಾಗಿ ನಿಲ್ಲುತ್ತವೆ. ಡೀಲರ್ ಹೇಳುವ ಬೆಲೆ ಸಾಮಾನ್ಯವಾಗಿ ಹೆಚ್ಚು, ಆದರೆ 2015ರ ಗ್ರಾಹಕ ಹಕ್ಕುಗಳ ಕಾಯಿದೆಯಂತೆ ದೋಷಯುಕ್ತ ಕಾರನ್ನು 30 ದಿನಗಳೊಳಗೆ ಹಿಂದಿರುಗಿಸಿ ಪೂರ್ತಿ ಹಣ ಕೇಳಬಹುದು. ಖಾಸಗಿ ವ್ಯಕ್ತಿಯಿಂದ ಕೊಂಡಾಗ, ಅವನಿಗೆ ಮಾರುವ ಹಕ್ಕಿರಬೇಕು ಮತ್ತು ಕಾರು ಅವನು ವರ್ಣಿಸಿದಂತಿರಬೇಕು ಎಂಬುದರಾಚೆಗೆ ಕಾನೂನಿನ ನೆರವು ಕಡಿಮೆ. ಇದನ್ನು ಬಲ್ಲ ಕೆಲವು ವ್ಯಾಪಾರಿಗಳು ಮನೆಯ ಕಾರು ಮಾರುವವರ ಸೋಗು ಹಾಕುತ್ತಾರೆ. ಫೋನಿನಲ್ಲಿ ಮಾದರಿ ಹೇಳದೆ “ನಿಮ್ಮ ಕಾರಿನ ಬಗ್ಗೆ ಕೇಳಲು ಕರೆ ಮಾಡಿದೆ” ಎಂದಾಗ “ಯಾವ ಕಾರು?” ಎಂಬ ಮರುಪ್ರಶ್ನೆ ಬಂದರೆ ಅವನು ವ್ಯಾಪಾರಿಯಿರಬಹುದೆಂದು ಅನುಮಾನಿಸುವುದು ಅಲ್ಲಿನ ಹಳೆಯ ಉಪಾಯ. ಕಾರನ್ನು ಲಾಗ್‌ಬುಕ್ಕಿನಲ್ಲಿರುವ ವಿಳಾಸದಲ್ಲಿಯೇ ನೋಡುವುದು, ಚಾಸಿಯ ಮೇಲಿನ 17 ಅಕ್ಷರ–ಅಂಕಿಗಳ ಗುರುತುಸಂಖ್ಯೆಯನ್ನು ಕಾಗದದೊಂದಿಗೆ ತಾಳೆ ನೋಡುವುದು ಸಹ ಇದೇ ಜಾಗರೂಕತೆಯ ಭಾಗ.

ಗೇರಿನ ಆಯ್ಕೆ ರುಚಿಯ ಪ್ರಶ್ನೆಯೆಂದು ತೋರಬಹುದು, ಆದರೆ ಅದು ಲೈಸೆನ್ಸಿನೊಂದಿಗೆ ಹೆಣೆದುಕೊಂಡಿದೆ. ಭಾರತದ ಲೈಸೆನ್ಸಿನಲ್ಲಿ ಅಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಮಾತ್ರ ಕಾರು ಓಡಿಸಬಹುದು. ಅದನ್ನು ನೇರವಾಗಿ ಬ್ರಿಟಿಷ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳುವ ಅವಕಾಶವಿಲ್ಲದೆ, ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳೆರಡನ್ನೂ ಹೊಸದಾಗಿ ಪಾಸಾಗಬೇಕು. ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟವರಿಗೆ ಮ್ಯಾನ್ಯುವಲ್ ಕಾರು ಓಡಿಸುವ ಹಕ್ಕು ದೊರೆಯುವುದಿಲ್ಲ, ಅಗ್ಗದ ಹಳೆಯ ಕಾರುಗಳಲ್ಲಾದರೋ ಮ್ಯಾನ್ಯುವಲ್‌ಗಳೇ ಹೆಚ್ಚು. ಪರೀಕ್ಷೆಯ ದಿನಾಂಕಕ್ಕಾಗಿ ಅನೇಕ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿರುವುದರಿಂದ, ಕಾರು ಹುಡುಕಲು ತೊಡಗಿದ ವಾರದಲ್ಲೇ ಪ್ರಾವಿಷನಲ್ ಲೈಸೆನ್ಸಿಗೂ ಅರ್ಜಿ ಹಾಕಿದವರಿಗೆ ಹನ್ನೆರಡನೆಯ ತಿಂಗಳು ಮುಗಿದಾಗ ಕೊಂಡ ಕಾರನ್ನು ಮನೆಯ ಮುಂದೆ ನಿಲ್ಲಿಸಿ ಬಸ್ಸು ಹತ್ತುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ.